ನಾಲ್ಕು ಮೂಲೆಗೆ ಅರಿಶಿನ

ಕಾಗದ, ಕಾರ್ಡು ಬರೆದು ಅಂಚೆಗೆ ಹಾಕುವ ಹವ್ಯಾಸದ ಬಗ್ಗೆ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಶನಿವಾರ ಮಧ್ಯಾಹ್ನ ನಾನು ಆಡಿದ ಮಾತುಗಳ ಬರಹ ರೂಪ ಇದು. ಅಲ್ಲಿ ಮೂರು ಸಲ ಹೇಳಿದ್ದನ್ನು ಇಲ್ಲಿ ಒಂದೇ ಸಲ ಬರೆದಿದ್ದೇನೆ. ಮೈಕು ಕೈಕೊಟ್ಟ ಹತ್ತು ನಿಮಿಷ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಈ ಲಕೋಟೆ ನೋಡಿ. ಒಡೆಯುವುದು ಬೇಡ, ಹೊರಗಿನಿಂದಲೇ ನೋಡಿ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ. ಒಳಗೆ ಏನಿದೆ?

(ಸಭೆಯಿಂದ: "ಮದುವೆ ಕಾಗದ!")

ಯಾರೂ ಒಡೆಯಲಿಲ್ಲ, ಓದಲಿಲ್ಲ. ಆದರೂ ಎಲ್ಲರಿಗೂ ಗೊತ್ತಾಯಿತು. ಮುಂದಿನ ಸಾಲಿನ ಅಜ್ಜಿ ಆಗಲೇ ಊಟಕ್ಕೆ ಹೋಳಿಗೆಯೋ ಚಿರೋಟಿಯೋ ಅಂತ ಯೋಚನೆ ಮಾಡುತ್ತಿರುವ ಹಾಗಿದೆ.

ಇದಕ್ಕೆ ತದ್ವಿರುದ್ಧವಾದ ಕಾಗದವೂ ಒಂದಿತ್ತು. ಸಾವಿನ ಸುದ್ದಿಯ ಕಾರ್ಡು. ನಮ್ಮ ಮನೆಯಲ್ಲಿ ಅದನ್ನು ಹೊಸಿಲು ದಾಟಿಸುತ್ತಿರಲಿಲ್ಲ. ಜಗಲಿಯಲ್ಲೇ ಓದಿ, ಅಲ್ಲೇ ಹರಿದು, ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಿದ್ದರು. ಹಾಗಾಗಿ ನಮ್ಮ ಮನೆಯ ಹಳೇ ಕಾಗದಗಳಲ್ಲಿ ಮದುವೆ ಇದೆ, ನಾಮಕರಣ ಇದೆ, ಸಾಲ ಇದೆ, ಅಡಿಕೆ ರೇಟು ಇದೆ. ಸಾವು ಮಾತ್ರ ಇಲ್ಲ. ಆ ಕಟ್ಟು ಓದಿದವರಿಗೆ ನಮ್ಮ ವಂಶದಲ್ಲಿ ಯಾರೂ ಸತ್ತೇ ಇಲ್ಲ ಅನ್ನಿಸಬೇಕು.

ಕಾಗದದ ಹೊರಮೈ ಕೂಡ ಮಾತಾಡುತ್ತದೆ. ಇದನ್ನೇ ಒಂದು ಹವ್ಯಾಸ ಮಾಡಿಕೊಂಡವರು ಲೋಕದ ತುಂಬ ಇದ್ದಾರೆ. ಅವರು ಇದಕ್ಕೆ ಮೇಲ್ ಆರ್ಟ್ ಅನ್ನುತ್ತಾರೆ. ನಾವು ಅಂಚೆ ಕಲೆ ಅನ್ನೋಣ. ಅರಿಶಿನ ಹಚ್ಚುತ್ತಿದ್ದ ನಮ್ಮ ಅತ್ತೆಗೆ ಇದು ಕಲೆ ಅಂತ ಹೇಳಿದ್ದರೆ ನಕ್ಕುಬಿಡುತ್ತಿದ್ದರು.

ನಾನು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕೂತವನು. ಅಷ್ಟು ವರ್ಷವೂ ಠಸ್ಸೆ ಹೊಡೆದಿದ್ದೇನೆ. ನಿವೃತ್ತಿ ಆದ ಮೇಲೆ ಕೈ ಸುಮ್ನೆ ಇರಲಿಲ್ಲ. ಒಂದು ದಿನ ಊರಿನ ಮನೆಯ ಅಟ್ಟ ಖಾಲಿ ಮಾಡುವಾಗ ಅಜ್ಜನ ಕಾಗದದ ಕಂಬಿ ಸಿಕ್ಕಿತು. ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಬಗ್ಗಿಸಿದ ಉದ್ದನೆಯ ತಂತಿ, ಕೆಳಗೆ ಒಂದು ಮರದ ಬಿಲ್ಲೆ, ತೊಲೆಗೆ ನೇತು ಹಾಕುವುದು. ಬಂದ ಕಾಗದವನ್ನು ಓದಿ ಅದಕ್ಕೆ ಚುಚ್ಚಿಬಿಡುತ್ತಿದ್ದರು. ಬಂದ ತಾರೀಕಿನ ಪ್ರಕಾರ ಅದೇ ಜೋಡಣೆ ಆಗುತ್ತಿತ್ತು. ತೊಂದರೆ ಏನು ಅಂದರೆ, ಪ್ರತಿ ಕಾಗದದ ನಡುವೆ ಒಂದು ತೂತು. ಆ ತೂತಿನಲ್ಲಿ ಒಂದು ಪದ ಹೋಗಿದೆ. "ಮುಂದಿನ ವಾರ ... ಕರೆದುಕೊಂಡು ಬರುತ್ತೇನೆ" ಅಂತ ಇದೆ. ಯಾರನ್ನು? ಹೆಂಡತಿಯನ್ನೋ ಎಮ್ಮೆಯನ್ನೋ ನಾವು ಊಹೆ ಮಾಡಬೇಕು.

ಆ ವಾರವೇ ಅಂಚೆ ಕಚೇರಿಗೆ ಹೋದೆ. ಹತ್ತು ರೂಪಾಯಿ ಕೊಟ್ಟೆ, ಇಪ್ಪತ್ತು ಕಾರ್ಡು ಬಂತು. ಒಂದಕ್ಕೆ 50 ಪೈಸೆ. ಈ ಕಾಲದಲ್ಲಿ 50 ಪೈಸೆಗೆ ಇನ್ನೇನು ಸಿಗುತ್ತದೆ ಹೇಳಿ! ಧಾರವಾಡದಲ್ಲಿರುವ ಹಳೆಯ ಸಹೋದ್ಯೋಗಿಗೆ ಬರೆಯೋಣ ಅಂತ ಕೂತೆ. "ಕ್ಷೇಮ. ಉಭಯ ಕುಶಲೋಪರಿ ಸಾಂಪ್ರತ" ಅಂತ ಬರೆದೆ. ಪೆನ್ನು ಅಲ್ಲಿಗೇ ನಿಂತಿತು.

ಈ ಸಾಲನ್ನು ನಾವೆಲ್ಲ ತಮಾಷೆ ಮಾಡುತ್ತೇವೆ. ಆದರೆ ಅದು ಕೆಲಸಕ್ಕೆ ಬರುತ್ತದೆ ಅಂತ ನನಗೆ ಗೊತ್ತಾದದ್ದು ಆಗ. ಹಾಡುವವರು ಶ್ರುತಿ ಹಿಡಿಯುವ ಹಾಗೆ ಅದು. ಅದು ಮುಗಿಯುವಷ್ಟರಲ್ಲಿ ಕೈ ಬಿಸಿಯಾಗಿರುತ್ತದೆ. "ಸಾಂಪ್ರತ" ಅಂದರೆ "ಸದ್ಯಕ್ಕೆ" ತಾನೇ? ಹಾಗಾದರೆ ಸದ್ಯಕ್ಕೆ ಕಿಟಕಿಯ ಆಚೆ ಏನಿದೆ ಅಂತ ನೋಡಿದೆ. ಪಕ್ಕದ ಮನೆಯ ಹಲಸಿನ ಮರದಿಂದ ಒಂದು ಹಣ್ಣು ಕಾರಿನ ಮೇಲೆ ಬಿದ್ದಿತ್ತು. ಅದನ್ನೇ ಬರೆದೆ. ಕಾರ್ಡು ತುಂಬಿತು. ಈಗಲೂ ನನ್ನ ಕ್ರಮ ಅದೇ. ಇವತ್ತು ಕಣ್ಣಿಗೆ ಬಿದ್ದ ಒಂದೇ ಒಂದು ಸಂಗತಿ. ಹದಿನಾಲ್ಕು ಸೆಂಟಿಮೀಟರ್ ಉದ್ದ, ಒಂಬತ್ತು ಸೆಂಟಿಮೀಟರ್ ಅಗಲದ ಕಾರ್ಡಿನಲ್ಲಿ ಎರಡನೆಯದಕ್ಕೆ ಜಾಗವೂ ಇಲ್ಲ.

ಈ ಕಾರ್ಡು ಹುಟ್ಟಿದ್ದು ಆಸ್ಟ್ರಿಯಾ-ಹಂಗೆರಿಯಲ್ಲಿ, 1869ರ ಅಕ್ಟೋಬರ್ 1ರಂದು. ಹತ್ತು ವರ್ಷದಲ್ಲಿ ನಮ್ಮಲ್ಲಿಗೂ ಬಂತು. 1879ರ ಜುಲೈ 1ರಂದು, ಕಾಲಾಣೆಗೆ ಒಂದು. ಅದಕ್ಕಿಂತ ಎಷ್ಟೋ ಮುಂಚೆ, 1672ರಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ರಾಜ್ಯದ ಅಂಚೆ ಶುರು ಮಾಡಿದ್ದರು. 1889ರಲ್ಲಿ ಅದನ್ನು ಬ್ರಿಟಿಷ್ ಇಂಡಿಯಾದ ಅಂಚೆಗೆ ಸೇರಿಸಿದರು. ಮೈಸೂರಿನ ಅಂಚೆ ಹೋಯಿತು, ಹೆಸರು ನಮ್ಮ ಬಾಯಲ್ಲಿ ಉಳಿಯಿತು. ಹಳಗನ್ನಡದಲ್ಲಿ ಅಂಚೆ ಅಂದರೆ ಹಂಸವೂ ಹೌದು. ಎರಡಕ್ಕೂ ನಂಟಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ದಮಯಂತಿಗೆ ನಳನ ಸುದ್ದಿ ತಂದದ್ದು ಹಂಸ ಅಂತ ನೆನಪಾದಾಗೆಲ್ಲ ನನಗೆ ಖುಷಿ ಆಗುತ್ತದೆ.

ಇನ್ನು ನಮ್ಮ ಹವ್ಯಾಸದ ಹಿರಿಯರ ಬಗ್ಗೆ. ನನಗೆ ಎಲ್ಲರಿಗಿಂತ ಇಷ್ಟವಾದವನು ಲಂಡನ್ನಿನ ರೆಜಿನಾಲ್ಡ್ ಬ್ರೇ. 1898ರಲ್ಲಿ ಅವನು ಅಂಚೆ ಇಲಾಖೆಯ ನಿಯಮಗಳ ಪುಸ್ತಕ ಕೊಂಡುಕೊಂಡ. ನಾವಾದರೆ ಅದನ್ನು ಮೂಲೆಗೆ ಎಸೆಯುತ್ತಿದ್ದೆವು. ಅವನು ಕೂತು ಓದಿದ. ಏನನ್ನು ಕಳಿಸಬಾರದು ಅಂತ ಅದರಲ್ಲಿ ಬರೆದಿಲ್ಲವೋ ಅದನ್ನೆಲ್ಲ ಕಳಿಸಿ ನೋಡೋಣ ಅಂತ ಹೊರಟ. ಟರ್ನಿಪ್ ಗೆಡ್ಡೆಯ ಮೇಲೆ ವಿಳಾಸ ಕೆತ್ತಿ, ಏನನ್ನೂ ಸುತ್ತದೆ ಹಾಗೇ ಕಳಿಸಿದ. ಟೋಪಿ ಕಳಿಸಿದ, ಸೈಕಲ್ ಪಂಪು ಕಳಿಸಿದ, ಮೊಲದ ತಲೆಬುರುಡೆ ಕಳಿಸಿದ. ತನ್ನ ನಾಯಿಯನ್ನು ಕಳಿಸಿದ. ಕೊನೆಗೆ 1900ರಲ್ಲಿ ತನ್ನನ್ನೇ ಅಂಚೆಗೆ ಹಾಕಿಕೊಂಡ. ಅಂಚೆಯವನು ಅವನನ್ನು ಕರೆದುಕೊಂಡು ಬಂದು ಮನೆಯ ಬಾಗಿಲಿಗೆ ಮುಟ್ಟಿಸಿದ. ಮನೆಯವರು ಸಹಿ ಮಾಡಿ ಒಳಗೆ ಸೇರಿಸಿಕೊಂಡಿರಬೇಕು.

ಏ ಮರಿ, ನೀನು ನಗುತ್ತಿದ್ದೀಯ. ತಂಗಿಯನ್ನು ಪೋಸ್ಟ್ ಮಾಡುವ ಯೋಚನೆ ಬೇಡ.

ಈ ಆಟವನ್ನು ಕಲೆಯ ದಾರಿಗೆ ತಂದವರಲ್ಲಿ ದೊಡ್ಡ ಹೆಸರು ಅಮೆರಿಕದ ರೇ ಜಾನ್ಸನ್. ಕತ್ತರಿಸಿ ಅಂಟಿಸಿದ ಚಿತ್ರಗಳನ್ನು ಒಬ್ಬರಿಗೆ ಕಳಿಸುತ್ತಿದ್ದ. "ಇದಕ್ಕೆ ಏನಾದರೂ ಸೇರಿಸಿ ವಾಪಸ್ ಕಳಿಸಿ" ಅಂತಲೋ "ಸೇರಿಸಿ ಇಂಥವರಿಗೆ ಕಳಿಸಿ" ಅಂತಲೋ ಬರೆಯುತ್ತಿದ್ದ. ಚಿತ್ರ ಊರೂರು ತಿರುಗಿ, ನಾಲ್ಕು ಜನರ ಕೈ ಸೇರಿ ಬೇರೇನೋ ಆಗುತ್ತಿತ್ತು. ಆ ಬಳಗವನ್ನು "ನ್ಯೂಯಾರ್ಕ್ ಕರೆಸ್ಪಾಂಡನ್ಸ್ ಸ್ಕೂಲ್" ಅಂತ ಕರೆದರು. ಕರೆಸ್ಪಾಂಡೆನ್ಸ್, ಅಂದರೆ ಪತ್ರವ್ಯವಹಾರ, ಅನ್ನುವ ಇಂಗ್ಲಿಷ್ ಪದದಲ್ಲಿ ಒಂದು ಅಕ್ಷರ ಬೇಕಂತಲೇ ಬದಲಿಸಿ, "ಇ" ಇದ್ದ ಕಡೆ "ಎ" ಹಾಕಿದ್ದರು. ಆಗ ಅದರ ಬಾಲದಲ್ಲಿ "ಡಾನ್ಸ್" ಬರುತ್ತದೆ. ಕಾಗದಗಳ ಕುಣಿತ! 1970ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಅವುಗಳ ಪ್ರದರ್ಶನವೂ ಆಯಿತು.

ಜಪಾನಿನ ಆನ್ ಕವಾರ ಇನ್ನೊಂದು ಥರದ ಮನುಷ್ಯ. 1968ರಿಂದ 1979ರವರೆಗೆ ದಿನಕ್ಕೆ ಎರಡು ಪಿಕ್ಚರ್ ಕಾರ್ಡು. ಅದರಲ್ಲಿ ತಾನು ಅವತ್ತು ಎಷ್ಟು ಗಂಟೆಗೆ ಎದ್ದೆ ಅಂತ ರಬ್ಬರ್ ಸ್ಟ್ಯಾಂಪಿನಲ್ಲಿ ಹೊಡೆದು ಕಳಿಸುತ್ತಿದ್ದ. ಅಷ್ಟೇ. ಬ್ಯಾಂಕಿನಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ನನಗೆ ಇದು ಮೊದಲು ಹುಚ್ಚು ಅನ್ನಿಸಿತು. ಆಮೇಲೆ ಯೋಚಿಸಿದೆ, ಹಳ್ಳಿಯಲ್ಲಿದ್ದ ತಾಯಿಗೆ ಬೊಂಬಾಯಿಯ ಹೋಟೆಲಿನಲ್ಲಿದ್ದ ಮಗ "ನಾನು ಕ್ಷೇಮ" ಅಂತ ಎರಡೇ ಪದ ಬರೆದು ಹಾಕುತ್ತಿದ್ದನಲ್ಲ, ಅದೂ ಇದೇ ತಾನೇ.

ಎಲ್ಲವೂ ಆಟವೇ ಆಗಿರಲಿಲ್ಲ. ಉರುಗ್ವೆ ದೇಶದ ಕ್ಲೆಮೆಂತೆ ಪದಿನ್ ಅನ್ನುವ ಅಂಚೆ ಕಲಾವಿದನನ್ನು ಅಲ್ಲಿನ ಸೇನಾ ಸರ್ಕಾರ 1977ರಲ್ಲಿ ಜೈಲಿಗೆ ಹಾಕಿತು. ಅವನ ಬಿಡುಗಡೆಗೆ ಬೇರೆ ಬೇರೆ ದೇಶಗಳ ಅಂಚೆ ಗೆಳೆಯರು ದನಿ ಎತ್ತಿದರು. ಅವರಲ್ಲಿ ಎಷ್ಟೋ ಜನ ಅವನ ಮುಖ ಕಂಡವರಲ್ಲ, ಅಕ್ಷರ ಕಂಡವರು.

ನಮ್ಮ ದೇಶದಲ್ಲಿ ನಂದಲಾಲ್ ಬೋಸ್ ಇದ್ದರು. ಸಂವಿಧಾನದ ಮೂಲ ಪ್ರತಿಗೆ ಶಿಷ್ಯರ ಜೊತೆ ಚಿತ್ರ ಬರೆದವರು. ಅವರು ಶಾಂತಿನಿಕೇತನದಿಂದಲೂ ಪ್ರವಾಸದಿಂದಲೂ ಕಾರ್ಡಿನ ಮೇಲೆ ಚಿತ್ರ ಬರೆದು ಶಿಷ್ಯರಿಗೆ, ಗೆಳೆಯರಿಗೆ ಹಾಕುತ್ತಿದ್ದರು. ನಾನು ನೋಡಿರುವುದು ಅವುಗಳ ಅಚ್ಚು ಮಾತ್ರ. ನಾಲ್ಕು ಗೆರೆ, ಒಂದು ಮರ. ನನಗೆ ಬೇಕಾದ ಧೈರ್ಯ ಬಂದದ್ದು ಅಲ್ಲಿಂದ. ಬೋಸರ ಕೈ ನಮ್ಮದಲ್ಲ, ನಿಜ. ಆದರೆ ನಾಲ್ಕು ಗೆರೆಗೆ ಯಾರ ಅಪ್ಪಣೆ ಬೇಕು?

ಅಂಚೆ ಕಲೆಯವರು ಪ್ರದರ್ಶನ ಮಾಡುವಾಗ ರೂಢಿಯಲ್ಲಿರುವ ಕಟ್ಟಳೆಗಳೂ ನನಗೆ ಇಷ್ಟ. ಆಯ್ಕೆ ಸಮಿತಿ ಇಲ್ಲ. ಶುಲ್ಕ ಇಲ್ಲ. ಬಂದದ್ದನ್ನೆಲ್ಲ ಗೋಡೆಗೆ ಹಾಕಬೇಕು. ವಾಪಸ್ ಕೊಡುವುದಿಲ್ಲ. ಕಳಿಸಿದ ಪ್ರತಿಯೊಬ್ಬರಿಗೂ ಯಾರ್ಯಾರು ಕಳಿಸಿದ್ದರು ಅನ್ನುವ ಪಟ್ಟಿ ತಲುಪಿಸಬೇಕು. ಸಾಹಿತ್ಯ ಸಮ್ಮೇಳನದ ಕವಿಗೋಷ್ಠಿಗೆ ಇದನ್ನು ಅನ್ವಯಿಸಿದರೆ ಏನಾಗುತ್ತದೆ ಅಂತ ಮಾತ್ರ ಕೇಳಬೇಡಿ.

ಈಗ ಕೈಕೆಲಸಕ್ಕೆ ಬರೋಣ. ಇದು ಬೆಂಡೆಕಾಯಿ. ತೊಟ್ಟಿನ ಕಡೆ ಅಡ್ಡಕ್ಕೆ ಕತ್ತರಿಸಿ, ಬಣ್ಣಕ್ಕೆ ಅದ್ದಿ ಒತ್ತಿದರೆ ಹೂವು. ಶಾಲೆಯಲ್ಲಿ ಎಲ್ಲರೂ ಮಾಡಿದ್ದೀರಿ. ಲೋಳೆ ಇರುತ್ತದೆ, ಕತ್ತರಿಸಿ ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಲ್ಲಿ ಒರೆಸಿ ಒತ್ತಿ.

ಇದು ಮಕ್ಕಳ ರಬ್ಬರು. ಇದರಲ್ಲಿ ಠಸ್ಸೆ ಕೆತ್ತಬಹುದು. ನಾನು ಮೊದಲು "ಅಂಚೆ" ಅಂತ ಕೆತ್ತಿ ಒತ್ತಿದಾಗ ಕನ್ನಡವೇ ಅಲ್ಲದ ಯಾವುದೋ ಲಿಪಿ ಬಂತು. ಅಕ್ಷರ ತಿರುಗುಮುರುಗು ಕೆತ್ತಬೇಕು ಅನ್ನುವುದೇ ಮರೆತಿದ್ದೆ. ಸುಲಭದ ಉಪಾಯ ಇದೆ. ತೆಳು ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಲ್ಲಿ ಸರಿಯಾಗಿಯೇ ಬರೆಯಿರಿ. ಅದನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಲ್ಲಿ ಉಜ್ಜಿ. ಅಕ್ಷರ ತಾನೇ ತಿರುಗಿ ಕೂರುತ್ತದೆ. ಬಿಳಿ ಜಾಗವನ್ನು ಬ್ಲೇಡಿನಿಂದ ತೆಗೆದುಬಿಡಿ. ಮಕ್ಕಳೇ, ಬ್ಲೇಡು ದೊಡ್ಡವರ ಕೈಯಲ್ಲಿ.

ಕಾಗದಕ್ಕೆ ದುಡ್ಡು ಕೊಡಬೇಡಿ. ಬರುವ ಮದುವೆ ಪತ್ರಿಕೆಗಳ ಬಂಗಾರದ ಅಂಚು, ಹಳೇ ಕ್ಯಾಲೆಂಡರಿನ ಹಾಳೆ, ಬಸ್ ಟಿಕೆಟ್ಟು, ಬೆಂಕಿಪೊಟ್ಟಣದ ಚಿತ್ರ, ಊದಿನಕಡ್ಡಿಯ ಡಬ್ಬಿ. ಕ್ಯಾಲೆಂಡರಿನ ಹಾಳೆಯಲ್ಲಿ ಚೆಂದದ ಲಕೋಟೆ ಆಗುತ್ತದೆ. ಒಂದು ಹಳೇ ಲಕೋಟೆಯ ಅಂಟು ಬಿಡಿಸಿ ಹರಡಿ, ಅದನ್ನೇ ಅಳತೆಗೆ ಇಟ್ಟುಕೊಳ್ಳಿ. ತಾರೀಕುಗಳು ಹೊರಗೆ ಕಾಣುವ ಹಾಗೆ ಮಡಚಿದರೆ, ನೀವು ಬರೆದ ದಿನಕ್ಕೆ ಕೆಂಪು ಸುತ್ತು ಹಾಕಬಹುದು. ಅರಳಿ ಎಲೆಯನ್ನು ವಾರಗಟ್ಟಲೆ ನೀರಿನಲ್ಲಿ ನೆನೆಸಿ, ಹಸಿರು ತೊಳೆದರೆ ಬಲೆ ಮಾತ್ರ ಉಳಿಯುತ್ತದಲ್ಲ, ಅದನ್ನು ಲಕೋಟೆಯ ಒಳಗೆ ಇಡಿ. ಆದರೆ ಹೊರದೇಶಕ್ಕೆ ಎಲೆ, ಬೀಜ ಬೇಡ. ಅವರ ತಪಾಸಣೆಯಲ್ಲಿ ಅದು ಕಸದ ಬುಟ್ಟಿ ಸೇರಬಹುದು.

ಉಬ್ಬಿದ ವಸ್ತು ಅಂಟಿಸಬೇಡಿ. ನಾನು ಒಮ್ಮೆ ಕಾರ್ಡಿಗೆ ಅಂಗಿಯ ಗುಂಡಿ ಹೊಲಿದು ಹಾಕಿದೆ. ಧಾರವಾಡದಿಂದ ಉತ್ತರ ಬಂತು: "ಗುಂಡಿ ಬಂದಿಲ್ಲ, ಕಾಜ ಮಾತ್ರ ಬಂದಿದೆ." ತಪ್ಪು ನನ್ನದೇ. ನೂರಾರು ಕಾಗದಗಳ ಜೊತೆ ಚೀಲದಲ್ಲಿ ಉಜ್ಜಾಡುವಾಗ ಗುಂಡಿ ಎಲ್ಲಿ ನಿಲ್ಲುತ್ತದೆ?

ಅಲ್ಲಿಂದ ನಾನು ಒಂದು ರೂಢಿ ಮಾಡಿಕೊಂಡೆ. ಲಕೋಟೆಯ ಮೇಲೆ ನಾನೊಬ್ಬನೇ ತುಂಬಿಕೊಳ್ಳುವುದಿಲ್ಲ. ಬಲಗಡೆ ಮೇಲೆ ಸ್ಟ್ಯಾಂಪಿಗೂ ಮೊಹರಿಗೂ ಧಾರಾಳ ಜಾಗ. ಬಲಗಡೆ ಕೆಳಗೆ ವಿಳಾಸ, ಅದರ ಹಿಂದೆ ಚಿತ್ರ ಬೇಡ. ಉಳಿದದ್ದು ನಮ್ಮದು. ಮೊಹರು ಒತ್ತುವವರೂ ನಮ್ಮ ಜೊತೆ ಚಿತ್ರ ಬರೆಯುವವರೇ. ಆ ದುಂಡನೆಯ ಕಪ್ಪು ಗುರುತು, ಅದರಲ್ಲಿ ಊರು, ತಾರೀಕು. ಅದು ಬೀಳುವವರೆಗೆ ನನ್ನ ಲಕೋಟೆ ಪೂರ್ತಿ ಆಗಿರುವುದಿಲ್ಲ, ಮತ್ತು ಪೂರ್ತಿ ಆದ ಮೇಲೆ ಅದು ನನ್ನ ಕಣ್ಣಿಗೆ ಬೀಳುವುದಿಲ್ಲ! ಹಂಪಿಯಂಥ ಕೆಲವು ಊರಿನ ಅಂಚೆ ಕಚೇರಿಗಳಲ್ಲಿ ಆ ಊರಿನ ಚಿತ್ರವಿರುವ ಮೊಹರು ಇರುತ್ತದೆ. ಕೌಂಟರಿನಲ್ಲಿ ಕೇಳಿದರೆ ಒತ್ತಿಕೊಡುತ್ತಾರೆ. ಪ್ರವಾಸ ಹೋದಾಗ ಎರಡು ಕಾರ್ಡು ಜೇಬಿನಲ್ಲಿರಲಿ.

ವಿಳಾಸ ರಾಜ್ಯದೊಳಗೆ ಕನ್ನಡದಲ್ಲೇ ಬರೆಯಿರಿ. ಹೊರರಾಜ್ಯಕ್ಕಾದರೆ ಇಂಗ್ಲಿಷ್ ಅಥವಾ ಹಿಂದಿ. ಪಿನ್ ಕೋಡು ಮಾತ್ರ ಮರೆಯಬೇಡಿ. 1972ರ ಆಗಸ್ಟ್ 15ರಿಂದ ಬಂದ ಆರು ಅಂಕಿ ಅದು. ಮೈಸೂರಿಗೆ 570001, ಧಾರವಾಡಕ್ಕೆ 580001. ಮೊದಲ ಮೂರು ಅಂಕಿ ಯಾವ ಕಡೆಗೆ ಹೋಗಬೇಕು ಅಂತ ಹೇಳುತ್ತವೆ, ಕೊನೆಯ ಮೂರು ಯಾವ ಕಚೇರಿ ಅಂತ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದ್ದರೂ ಅಂಕಿ ಸರಿ ಇದ್ದದ್ದರಿಂದ ಎಷ್ಟೋ ಕಾಗದ ಮುಟ್ಟಿವೆ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಹಾಕುವಾಗ ವಿಳಾಸವನ್ನು ಬಾಲ್ ಪೆನ್ನಿನಲ್ಲಿ ಬರೆದು, ಮೇಲೆ ಮೇಣದಬತ್ತಿ ಹಗುರವಾಗಿ ಉಜ್ಜಿ. ಶಾಯಿ ಪೆನ್ನಿನ ವಿಳಾಸ ಆಗುಂಬೆ ಮುಟ್ಟುವಷ್ಟರಲ್ಲಿ ನೀಲಿ ಮೋಡ ಆಗಿರುತ್ತದೆ.

ತೂಕ ಅನುಮಾನ ಇದ್ದರೆ ಕೌಂಟರಿನಲ್ಲಿ ತೂಗಿಸಿ. ಸ್ಟ್ಯಾಂಪು ಕಡಿಮೆ ಬಿದ್ದರೆ ಅದು ಬೇರಿಂಗ್ ಕಾಗದ. ಕಮ್ಮಿಯಾದ ದುಡ್ಡಿನ ಎರಡರಷ್ಟನ್ನು ಪಡೆಯುವವರು ಕಟ್ಟಬೇಕು. ಪ್ರೀತಿಯಿಂದ ಕಳಿಸಿ ದಂಡ ಹಾಕಿಸಿದ ಹಾಗೆ ಆಗುತ್ತದೆ.

ಇನ್ನು ಇದನ್ನೆಲ್ಲ ಒಪ್ಪವಾಗಿ ಇಡುವುದು ಹೇಗೆ? ಇಲ್ಲಿ ನನ್ನೊಳಗಿನ ಗುಮಾಸ್ತ ಎದ್ದು ಕೂರುತ್ತಾನೆ, ಸಹಿಸಿಕೊಳ್ಳಿ. ಹಳೇ ಕಚೇರಿಗಳಲ್ಲಿ ಟಪಾಲಿಗೆ ಆವಕ-ಜಾವಕ ಪುಸ್ತಕ ಅಂತ ಇರುತ್ತಿತ್ತು. ಬಂದದ್ದು ಆವಕ, ಹೋದದ್ದು ಜಾವಕ. ನಾನೂ ಒಂದು ಇಟ್ಟಿದ್ದೇನೆ. ಯಾರಿಂದ ಬಂತು, ಯಾವತ್ತು, ಏನು ಕೇಳಿದ್ದರು, ಯಾವತ್ತು ಉತ್ತರ ಹಾಕಿದೆ. ಐದನೆಯ ಕಾಲಂ ಆಮೇಲೆ ಸೇರಿದ್ದು: ಏನು ಹೇಳಿದೆ. ಯಾಕೆ ಸೇರಿತು ಅಂದರೆ, ಆ ಹಲಸಿನ ಹಣ್ಣಿನ ಕತೆ ಇತ್ತಲ್ಲ, ಅದನ್ನು ಧಾರವಾಡದ ಗೆಳೆಯರಿಗೇ ಆರು ತಿಂಗಳಲ್ಲಿ ಮೂರು ಸಲ ಬರೆದಿದ್ದೆ. ಅವರ ಕಾರ್ಡು ಬಂತು: "ಕಾರಿನ ಮಾಲೀಕರಿಗೆ ಜಾಗ ಬದಲಿಸಲು ಹೇಳಿರಿ, ಮೂರನೇ ಹಣ್ಣು ಬಿತ್ತು."

ಬಂದ ಕಾಗದಕ್ಕೆ ಕಂಬಿ ಬೇಡ, ತೂತಿನ ಕತೆ ಹೇಳಿದೆನಲ್ಲ. ರಬ್ಬರ್ ಬ್ಯಾಂಡೂ ಬೇಡ. ಎರಡು ಬೇಸಿಗೆಯಲ್ಲಿ ಕರಗಿ ಕಾಗದಕ್ಕೇ ಅಂಟುತ್ತದೆ. ಹತ್ತಿಯ ದಾರದಲ್ಲಿ ಕಟ್ಟಿ, ಚಪ್ಪಲಿ ಡಬ್ಬಿಯಲ್ಲಿ ಇಡಿ, ವರ್ಷಕ್ಕೊಂದು ಡಬ್ಬಿ. ಒಣಗಿದ ಬೇವಿನ ಎಲೆ ಹಾಕಿದರೆ ಹುಳುವಿನ ಕಾಟ ಕಮ್ಮಿ ಅಂತ ನಮ್ಮಮ್ಮ ಹೇಳುತ್ತಿದ್ದರು, ನಾನೂ ಹಾಕುತ್ತೇನೆ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಒಮ್ಮೆ ಬಿಸಿ ಪ್ಲಾಸ್ಟಿಕ್ಕಿನೊಳಗೆ ಹೋದ ಕಾಗದವನ್ನು ಮತ್ತೆ ಹೊರಗೆ ತರಲು ಆಗುವುದಿಲ್ಲ. ಇನ್ನೊಂದು, ಬೇರೆಯವರು ನಿಮಗೆ ಬರೆದ ಕಾಗದವನ್ನು ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಂಚಬೇಡಿ. ಲಕೋಟೆ ಚೆನ್ನಾಗಿದ್ದರೆ ವಿಳಾಸ ಮುಚ್ಚಿ ತೋರಿಸಿ, ಒಳಗಿನದು ನಿಮ್ಮಿಬ್ಬರದು.

(ಸಭೆಯಿಂದ ಒಬ್ಬರು: "ಸರ್, ಬರೆಯುವುದು ಸರಿ. ಯಾರಿಗೆ ಬರೆಯೋದು? ಯಾರೂ ಉತ್ತರ ಹಾಕಲ್ಲ.")

ನಿಜ. ಮೊದಲ ವರ್ಷ ನಾನು ನಲವತ್ತು ಕಾರ್ಡು ಹಾಕಿದೆ. ಹನ್ನೊಂದು ಉತ್ತರ ಬಂತು. ಐದಾರು ಜನ ಫೋನ್ ಮಾಡಿ "ನಿಮ್ಮ ಕಾರ್ಡು ಬಂತು" ಅಂದರು. ಅದೂ ಉತ್ತರವೇ ಅಲ್ವಾ ಅಂತ ನನ್ನ ಹೆಂಡತಿ ಕೇಳುತ್ತಾಳೆ. ನನ್ನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ಇಬ್ಬರಂತೂ "ಏನಾದರೂ ತೊಂದರೆಯಾ?" ಅಂತ ಗಾಬರಿಯಾಗಿ ಮನೆಗೇ ಬಂದರು.

ಉತ್ತರ ಬಂದೇ ಬರಬೇಕು ಅನ್ನುವವರಿಗೆ ಪೋಸ್ಟ್‌ಕ್ರಾಸಿಂಗ್ ಇದೆ. ಪೋರ್ಚುಗಲ್ಲಿನ ಪಾವ್ಲೊ ಮಗಲ್ಯಾಯ್ಸ್ 2005ರಲ್ಲಿ ಶುರು ಮಾಡಿದ ವೆಬ್‌ಸೈಟು ಅದು. ನೀವು ಒಂದು ವಿಳಾಸ ಕೇಳುತ್ತೀರಿ. ಯಾವುದೋ ದೇಶದ ಯಾರದೋ ವಿಳಾಸ ಬರುತ್ತದೆ, ಜೊತೆಗೆ ಒಂದು ನಂಬರು. ನಂಬರನ್ನು ಕಾರ್ಡಿನ ಮೇಲೆ ಬರೆದು ಕಳಿಸುತ್ತೀರಿ. ಅದು ಮುಟ್ಟಿತು ಅಂತ ಅವರು ದಾಖಲು ಮಾಡಿದ ಮೇಲೆ ನಿಮ್ಮ ವಿಳಾಸ ಇನ್ನೊಬ್ಬರಿಗೆ ಹೋಗುತ್ತದೆ. ನೀವು ಬರೆದವರು ನಿಮಗೆ ಬರೆಯುವುದಿಲ್ಲ, ಬೇರೆ ಯಾರೋ ಬರೆಯುತ್ತಾರೆ. ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಮದುವೆ ಮನೆಯ ಮುಯ್ಯಿಯ ಹಾಗಲ್ಲ, ಕೊಟ್ಟದ್ದು ಒಂದು ಕಡೆ, ಬರುವುದು ಇನ್ನೊಂದು ಕಡೆಯಿಂದ.

ಮಕ್ಕಳಿಗೆ, ದೊಡ್ಡವರಿಗೆ ಅಂಚೆ ಇಲಾಖೆಯೇ ನಡೆಸುವ "ಢಾಯಿ ಆಖರ್" ಪತ್ರ ಸ್ಪರ್ಧೆಯೂ ಇದೆ, ಕನ್ನಡದಲ್ಲಿ ಬರೆಯಬಹುದು. ಕೈಬರಹದಲ್ಲೇ ಇರಬೇಕು.

ಆದರೆ ನನ್ನ ಮಾತು ಕೇಳುವುದಾದರೆ, ಮೊದಲ ಕಾರ್ಡು ದೂರದೇಶಕ್ಕೆ ಬೇಡ. ಇದೇ ಊರಿನ ಯಾರಿಗಾದರೂ ಹಾಕಿ. ಎರಡು ಬೀದಿ ಆಚೆ ಇರುವವರಿಗೆ. ಬಾಯಲ್ಲಿ ಹೇಳಬಹುದಾದ್ದನ್ನು ಅಂಚೆಯಲ್ಲಿ ಕಳಿಸಿದ್ದಾರಲ್ಲ ಅಂತ ಅವರು ಎರಡು ಸಲ ತಿರುಗಿಸಿ ನೋಡುತ್ತಾರೆ.

ಸಾಕು ಮಾತು. ಆ ಮೇಜಿನ ಮೇಲೆ ಐವತ್ತು ಕಾರ್ಡು ಇದೆ, ಬಣ್ಣ ಇದೆ, ಬೆಂಡೆಕಾಯಿ ಇದೆ, ಅರಿಶಿನದ ಬಟ್ಟಲೂ ಇದೆ. ಗೇಟಿನ ಹತ್ತಿರದ ಕೆಂಪು ಡಬ್ಬಿಯನ್ನು ನಾಲ್ಕೂವರೆಗೆ ತೆರೆಯುತ್ತಾರೆ. ಈಗ ಮೂರೂ ಐವತ್ತು. ಅಜ್ಜಿ, ನೀವು ಮೊದಲು ಬನ್ನಿ. ಕತ್ತರಿಸದ ಬೆಂಡೆಕಾಯಿ ಉಳಿದರೆ ಯಾರೂ ಎಸೆಯಬೇಡಿ, ಮನೆಗೆ ತಗೊಂಡು ಬಾ ಅಂತ ನನ್ನ ಹೆಂಡತಿ ಹೇಳಿ ಕಳಿಸಿದ್ದಾಳೆ, ರಾತ್ರಿ ಹುಳಿಗೆ ಬೇಕಂತೆ.